ಗಡಿ ದಾಟಿ ಬರುವ ಚೀಸು, ಮಾಂಸ, ಮೀನು: ಓದುಗರ ಪ್ರಶ್ನೆಗಳಿಗೆ ಉತ್ತರ

ವಿದೇಶದಿಂದ ಭಾರತಕ್ಕೆ ಪ್ರಾಣಿಮೂಲದ ಆಹಾರ ತರಿಸುವ ಬಗ್ಗೆ ಬಂದ ಪ್ರಶ್ನೆಗಳು ಇವು. ಒಂದೇ ಅರ್ಥದವನ್ನು ಒಟ್ಟಿಗೆ ಸೇರಿಸಿದ್ದೇವೆ.

ಪ್ರಶ್ನೆ: ಇಟಲಿಯಿಂದ ಚೀಸ್ ತರಿಸಿ ಬೆಂಗಳೂರಿನ ಹೋಟೆಲುಗಳಿಗೆ ಕೊಡುವ ಯೋಚನೆ ಇದೆ. ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಆಗಲೇ ಇದೆ. ಅಷ್ಟು ಸಾಕಲ್ಲವೆ?

ಸಾಲದು. ಎಫ್‌ಎಸ್‌ಎಸ್‌ಎಐ, ಅಂದರೆ ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, ಕಾಯುವುದು ತಿನ್ನುವವರ ಆರೋಗ್ಯವನ್ನು. ಇಲ್ಲಿನ ದನಕರು, ಕುರಿ, ಕೋಳಿಗಳನ್ನು ಕಾಯಲು ಬೇರೆಯೇ ಕಾಯ್ದೆ ಇದೆ: 1898ರ ಜಾನುವಾರು ಆಮದು ಕಾಯ್ದೆ. 2001ರಲ್ಲಿ ಅದಕ್ಕೆ ತಿದ್ದುಪಡಿಯಾಗಿ ಹಾಲು, ಮಾಂಸ, ಮೊಟ್ಟೆಯ ಉತ್ಪನ್ನಗಳೂ ಅದರ ತೆಕ್ಕೆಗೆ ಬಂದವು. ಆ ಕಾಯ್ದೆಯಡಿ ಕೇಂದ್ರದ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆ ಕೊಡುವ ಸ್ಯಾನಿಟರಿ ಇಂಪೋರ್ಟ್ ಪರ್ಮಿಟ್ ಇಲ್ಲದೆ ಚೀಸ್ ಒಳಗೆ ಬರುವಂತಿಲ್ಲ. ಈ ವ್ಯಾಪಾರದಲ್ಲಿರುವವರು ಅದನ್ನು ಚಿಕ್ಕದಾಗಿ 'ಸಿಪ್' ಅನ್ನುತ್ತಾರೆ.

ಇನ್ನು ನಿಮ್ಮ ಲೈಸೆನ್ಸ್ ಯಾವುದು ನೋಡಿಕೊಳ್ಳಿ. ರಾಜ್ಯ ಮಟ್ಟದ್ದಾದರೆ ಆಮದಿಗೆ ನಡೆಯದು. ಆಮದುದಾರರಿಗೆ ಕೇಂದ್ರ ಲೈಸೆನ್ಸೇ ಬೇಕು. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ (ಡಿಜಿಎಫ್‌ಟಿ) ಕೊಡುವ ಆಮದು-ರಫ್ತು ಕೋಡ್ ಕೂಡ ಬೇಕು. ಅದನ್ನು ಪ್ರತಿವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಆನ್‌ಲೈನಿನಲ್ಲಿ ನವೀಕರಿಸಬೇಕು. ಏನೂ ಬದಲಾಗಿಲ್ಲ ಎಂದು ಸುಮ್ಮನಿದ್ದರೆ ಕೋಡ್ ನಿಷ್ಕ್ರಿಯವಾಗುತ್ತದೆ. ಅದು ಗೊತ್ತಾಗುವುದು ಬಹುಮಟ್ಟಿಗೆ ಸರಕು ಬಂದಿಳಿದ ಮೇಲೆ.

ಕೆಲಸದ ಕ್ರಮ ಹೀಗಿರಲಿ. ಮೊದಲು ಪದಾರ್ಥದ ಎಂಟಂಕಿಯ ಎಚ್‌ಎಸ್ ಕೋಡ್ (ಸರಕನ್ನು ವರ್ಗೀಕರಿಸುವ ಸಂಖ್ಯೆ) ಹಿಡಿದು ಆಮದು ನೀತಿಯಲ್ಲಿ ಅದು ಮುಕ್ತವೋ, ನಿರ್ಬಂಧಿತವೋ, ನಿಷಿದ್ಧವೋ ನೋಡಿ. ಆಮೇಲೆ ಇಟಲಿಯ ಕಾರ್ಖಾನೆ ಎಫ್‌ಎಸ್‌ಎಸ್‌ಎಐ ನೋಂದಣಿಯಲ್ಲಿ ಇದೆಯೇ ಖಾತ್ರಿ ಮಾಡಿಕೊಳ್ಳಿ. 2023ರ ಫೆಬ್ರುವರಿ 1ರಿಂದ ಹಾಲು, ಮಾಂಸ, ಕೋಳಿ, ಮೀನಿನ ಉತ್ಪನ್ನಗಳು, ಮೊಟ್ಟೆಪುಡಿ, ಶಿಶು ಆಹಾರ, ನ್ಯೂಟ್ರಾಸ್ಯೂಟಿಕಲ್ (ಪೌಷ್ಟಿಕ ಪೂರಕ) ಇವುಗಳಿಗೆಲ್ಲ ವಿದೇಶಿ ಕಾರ್ಖಾನೆಯ ನೋಂದಣಿ ಕಡ್ಡಾಯ. ನಂತರ ಸಿಪ್‌ಗೆ ಅರ್ಜಿ. ಪರ್ಮಿಟ್ ಕೈಗೆ ಬಂದ ಮೇಲೆಯೇ ಅಲ್ಲಿ ಲೋಡಿಂಗ್.

ಹೆಚ್ಚಿನವರು ಮುಗ್ಗರಿಸುವುದು ಈ ಕೊನೆಯ ಮಾತಿನಲ್ಲೇ. 'ಈ ವಾರ ಕಂಟೇನರಿನಲ್ಲಿ ಜಾಗ ಇದೆ, ಕಳಿಸಿಬಿಡಲಾ' ಎಂದು ಮಾರುವವನು ಕೇಳುತ್ತಾನೆ. ಪರ್ಮಿಟ್ ಹೇಗೂ ಎರಡು ದಿನದಲ್ಲಿ ಬರುತ್ತದೆ ಎಂದು ಇವರು ಹೂಂ ಅನ್ನುತ್ತಾರೆ. ಬಿಲ್ ಆಫ್ ಲೇಡಿಂಗ್ (ಸರಕು ಹಡಗಿಗೆ ಹೇರಿದ್ದಕ್ಕೆ ಕೊಡುವ ಪತ್ರ) ಮೇಲಿನ ದಿನಾಂಕ ಪರ್ಮಿಟ್ಟಿನ ದಿನಾಂಕಕ್ಕಿಂತ ಹಿಂದಿನದಾಯಿತೋ, ಸರಕು ಬಂದರಿನಲ್ಲಿ ನಿಂತಂತೆಯೇ.

ಪರ್ಮಿಟ್ ಜೊತೆಗೆ ಪಶುವೈದ್ಯ ಆರೋಗ್ಯ ಪ್ರಮಾಣಪತ್ರದ ಷರತ್ತುಗಳಿರುತ್ತವೆ. ರಫ್ತು ಮಾಡುವ ದೇಶದ ಸರ್ಕಾರಿ ಪಶುವೈದ್ಯರು ಆ ಷರತ್ತುಗಳನ್ನೇ ದೃಢೀಕರಿಸಿ ಸಹಿ ಮಾಡಬೇಕು. ಬೇರೆ ದೇಶಗಳಿಗೆ ಕೊಡುವ ಸಾಮಾನ್ಯ ನಮೂನೆ ಸಾಗದು. ಪ್ರಮಾಣಪತ್ರ, ಇನ್‌ವಾಯ್ಸ್, ಪೆಟ್ಟಿಗೆ ಮೂರರ ಮೇಲಿನ ಬ್ಯಾಚ್ ಸಂಖ್ಯೆಯೂ ಒಂದೇ ಆಗಿರಬೇಕು. ಚೀಸ್ ತಯಾರಾದದ್ದು ಒಂದೆಡೆ, ಹೋಳು ಮಾಡಿ ಪ್ಯಾಕ್ ಮಾಡಿದ್ದು ಇನ್ನೊಂದೆಡೆ ಆಗಿದ್ದರೆ ಅರ್ಜಿ ಹಾಕುವಾಗಲೇ ಎರಡೂ ಹೆಸರು ಬರೆಯಿರಿ.

ಸರಕು ಇಳಿದ ಮೇಲೆ ಪ್ರಾಣಿ ಕ್ವಾರಂಟೈನ್ ಕೇಂದ್ರದ ನಿರಾಕ್ಷೇಪಣಾ ಪತ್ರ, ಎಫ್‌ಎಸ್‌ಎಸ್‌ಎಐ ನಿರಾಕ್ಷೇಪಣಾ ಪತ್ರ, ಆಮೇಲೆ ಕಸ್ಟಮ್ಸ್ ಬಿಡುಗಡೆ. ಅರ್ಜಿ ಸಿಂಗಲ್ ವಿಂಡೋದಲ್ಲಿ ಒಂದೇ ಸಲ ಹೋದರೂ ತಪಾಸಣೆ ಬೇರೆ ಬೇರೆ. ಕ್ವಾರಂಟೈನ್ ಕೇಂದ್ರಗಳಿರುವುದು ದೆಹಲಿ, ಮುಂಬೈ, ಕೋಲ್ಕತ್ತಾ, ಚೆನ್ನೈ, ಬೆಂಗಳೂರು, ಹೈದರಾಬಾದ್‌ಗಳಲ್ಲಿ. ಹಡಗಿನಲ್ಲಿ ಬರುವ ಸರಕಿಗೆ ಬೆಂಗಳೂರಿನವರು ಚೆನ್ನೈಯನ್ನೋ ಮುಂಬೈಯನ್ನೋ ನೆಚ್ಚಿಕೊಳ್ಳಬೇಕು.

ಪ್ರಶ್ನೆ: ಅಸಲಿ ಪಾರ್ಮಿಜಾನೊ ರೆಜ್ಜಾನೊ ತರಿಸಲು ಆಗುವುದಿಲ್ಲ ಅನ್ನುತ್ತಾರೆ. ಅದು ಬರೀ ಹಾಲಿನ ಪದಾರ್ಥವಲ್ಲವೆ?

ಹಾಲನ್ನು ಒಡೆಸಿದ್ದು ಯಾವುದರಿಂದ ಎಂಬುದೇ ಇಲ್ಲಿ ಪ್ರಶ್ನೆ. ಹಾಲು ಬಿಡದ ಎಳೆಗರುವಿನ ನಾಲ್ಕನೆಯ ಹೊಟ್ಟೆಯ ಒಳಪದರದಿಂದ ತೆಗೆದ ಕಿಣ್ವಕ್ಕೆ ರೆನೆಟ್ ಎನ್ನುತ್ತಾರೆ. ಆ ಚೀಸಿನ ಮೂಲ ಹೆಸರನ್ನು ಕಾಯುವ ಯುರೋಪಿನ ನಿಯಮದ ಪ್ರಕಾರ ಅದಕ್ಕೆ ಕರುವಿನ ರೆನೆಟ್ಟನ್ನೇ ಬಳಸಬೇಕು. ಭಾರತದ ಮಾನದಂಡ ಇದಕ್ಕೆ ತದ್ವಿರುದ್ಧ: ಚೀಸ್ ತಯಾರಿಕೆಗೆ ಪ್ರಾಣಿಮೂಲವಲ್ಲದ ರೆನೆಟ್ ಅಥವಾ ಬೇರೆ ಸೂಕ್ತ ಹೆಪ್ಪು. ಅಲ್ಲಿನ ನಿಯಮ ಪಾಲಿಸಿದರೆ ಇಲ್ಲಿಗೆ ಬರದು, ಇಲ್ಲಿನದನ್ನು ಪಾಲಿಸಿದರೆ ಆ ಹೆಸರೇ ಉಳಿಯದು. ಗ್ರಾನಾ ಪಡಾನೊ, ಗ್ರುಯೇರ್‌ಗಳ ಪಾಡೂ ಇಷ್ಟೇ. ರುಚಿಯಲ್ಲಿ ಹತ್ತಿರ ಬರುವ, ಸೂಕ್ಷ್ಮಾಣು ರೆನೆಟ್ ಬಳಸಿದ ಗಟ್ಟಿ ಚೀಸುಗಳು ಬೇರೆ ಹೆಸರಿನಲ್ಲಿ ಸಿಗುತ್ತವೆ; ಹೋಟೆಲಿನ ಅಡುಗೆಗೆ ಅವು ಧಾರಾಳವಾಗಿ ಸಾಕು.

ಮಾರುವವರಿಂದ 'ಮೈಕ್ರೋಬಿಯಲ್ ರೆನೆಟ್' ಎಂಬ ಸ್ಪಷ್ಟ ಬರಹ ತರಿಸಿಕೊಳ್ಳಿ. ಲೇಬಲ್ಲಿನಲ್ಲಿ ಬರೀ 'ರೆನೆಟ್' ಎಂದಿದ್ದರೆ ಅಧಿಕಾರಿ ಕೇಳಿಯೇ ಕೇಳುತ್ತಾರೆ. ಚೀಸ್ ಮಾಡಲು ಪ್ರಾಣಿ ರೆನೆಟ್ಟನ್ನೇ ಬಾಟಲಿಯಲ್ಲಿ ತರಿಸುತ್ತೇವೆ ಎಂದು ಬರೆದ ಇನ್ನೊಬ್ಬ ಓದುಗರಿಗೂ ಇಲ್ಲೇ ಉತ್ತರ: ಅದು ನಿಷಿದ್ಧ ಆಮದಿನ ಪಟ್ಟಿಯಲ್ಲಿದೆ.

ಹಾಲಿಗೆ ಇನ್ನೊಂದು ಷರತ್ತೂ ಇದೆ. ಆ ಹಾಲು ಕೊಟ್ಟ ಹಸುಗಳಿಗೆ ಮೆಲುಕು ಹಾಕುವ ಪ್ರಾಣಿಗಳ ಮಾಂಸ, ರಕ್ತ, ಒಳಾಂಗಗಳಿಂದ ಮಾಡಿದ ಮೇವು ಎಂದೂ ತಿನ್ನಿಸಿಲ್ಲ ಎಂದು ಪಶುವೈದ್ಯರು ಬರೆದುಕೊಡಬೇಕು. ಅಮೆರಿಕದ ಹೈನುದ್ಯಮ 2003ರಿಂದಲೂ ತಕರಾರು ತೆಗೆಯುತ್ತಿರುವುದು ಈ ಸಾಲಿನ ಬಗ್ಗೆಯೇ.

ಪ್ರಶ್ನೆ: ಬಾಳಿಕೆ ಅವಧಿ ಶೇ 60ರಷ್ಟು ಉಳಿದಿರಬೇಕು ಎನ್ನುತ್ತಾರೆ, ಇನ್ನು ಕೆಲವರು ಮೂರು ತಿಂಗಳು ಎನ್ನುತ್ತಾರೆ. ಯಾವುದು ಸರಿ?

ಎರಡೂ. 2017ರ ಆಮದು ನಿಯಮದ ಪ್ರಕಾರ, ಆಮದಿನ ಹೊತ್ತಿಗೆ ಒಟ್ಟು ಬಾಳಿಕೆಯ ಶೇ 60 ಅಥವಾ ಮೂರು ತಿಂಗಳು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಉಳಿದಿರಬೇಕು. ಬಾಳಿಕೆಯ ಲೆಕ್ಕ ಶುರುವಾಗುವುದು ತಯಾರಾದ ದಿನದಿಂದ.

365 ದಿನ ಬಾಳುವ ಗಟ್ಟಿ ಚೀಸಿನ ಶೇ 60 ಅಂದರೆ 219 ದಿನ. ಮೂರು ತಿಂಗಳು ಅದಕ್ಕಿಂತ ಕಡಿಮೆ, ಹಾಗಾಗಿ ಸುಮಾರು 90 ದಿನ ಉಳಿದಿದ್ದರೆ ಆಯಿತು. ಹಡಗಿನಲ್ಲಿ ಆರಾಮವಾಗಿ ಬರಬಹುದು. 120 ದಿನದ ಚೀಸಿಗೆ 72 ದಿನ ಉಳಿಯಬೇಕು; ತಯಾರಾದ 48 ದಿನದೊಳಗೆ ಇಲ್ಲಿರಬೇಕು. ಹಡಗಿಗೆ ಇದು ಅಂಚಿನ ಲೆಕ್ಕ. 30 ದಿನದ ತಾಜಾ ಮೊಝರೆಲ್ಲಾಕ್ಕೆ ಬೇಕಾದದ್ದು 18 ದಿನ, ಸಿಗುವುದು ಬರೀ 12 ದಿನ; ವಿಮಾನವೇ ಗತಿ. 21 ದಿನದ ಬುರ್ರಾಟಾಕ್ಕೆ 13 ದಿನ ಉಳಿಯಬೇಕು, ಅಂದರೆ ಎಂಟು ದಿನದಲ್ಲಿ ಕಾರ್ಖಾನೆಯಿಂದ ಇಲ್ಲಿಗೆ. ಅಲ್ಲಿನ ಗೋದಾಮಿನಲ್ಲಿ ನಾಲ್ಕು ದಿನ ಕೂತ ಮಾಲನ್ನು ನಿಮಗೆ ದಾಟಿಸಿದರೆ ಅರ್ಧ ಆಟ ಅಲ್ಲೇ ಮುಗಿದಿರುತ್ತದೆ. ಆದ್ದರಿಂದ ಆರ್ಡರಿನಲ್ಲಿ 'ತಯಾರಾದ ಇಷ್ಟು ದಿನದೊಳಗೆ ರವಾನೆ' ಎಂದು ದಿನದ ಲೆಕ್ಕದಲ್ಲೇ ಬರೆಸಿ.

ನಿಯಮ ದಾಟಿದರೂ ವ್ಯಾಪಾರ ಗೆದ್ದಂತಲ್ಲ. ಮಾದರಿ ತೆಗೆದರೆ ಪ್ರಯೋಗಾಲಯಕ್ಕೆ ಐದು ದಿನದ ಗಡುವು. ಆ ಐದು ದಿನವನ್ನು ಕಳೆದ ಮೇಲೆ ಹೋಟೆಲಿನವರಿಗೆ ಎಷ್ಟು ಉಳಿಯುತ್ತದೆ ನೋಡಿಕೊಂಡು ದರ ಮಾತಾಡಿ.

ಪ್ರಶ್ನೆ: ಲೇಬಲ್ ಸರಿಯಿಲ್ಲದಿದ್ದರೆ ಇಲ್ಲೇ ಸ್ಟಿಕ್ಕರ್ ಅಂಟಿಸಬಹುದೇ?

ಕೆಲವಕ್ಕೆ ಮಾತ್ರ. ಆಮದುದಾರರ ಹೆಸರು-ವಿಳಾಸ, ಎಫ್‌ಎಸ್‌ಎಸ್‌ಎಐ ಲಾಂಛನ ಮತ್ತು 14 ಅಂಕಿಯ ಲೈಸೆನ್ಸ್ ಸಂಖ್ಯೆ, ಸಸ್ಯಾಹಾರ-ಮಾಂಸಾಹಾರದ ಗುರುತು, ಆಹಾರದ ವರ್ಗ ಇಷ್ಟನ್ನು ಕಸ್ಟಮ್ಸ್ ಬಾಂಡೆಡ್ ಗೋದಾಮಿನಲ್ಲೇ (ಬಿಡುಗಡೆಗೆ ಮುಂಚೆ ಸರಕು ಇಡುವ ಜಾಗ) ಕಿತ್ತು ಬರದ ಒಂದೇ ಸ್ಟಿಕ್ಕರ್ ಮೂಲಕ ಸೇರಿಸಬಹುದು. ಸ್ಟಿಕ್ಕರ್ ಮೂಲ ಬರಹವನ್ನು ಮುಚ್ಚಬಾರದು. ತಯಾರಿಕೆಯ ದಿನಾಂಕ, ಅವಧಿ ಮುಗಿಯುವ ದಿನಾಂಕ, ಬ್ಯಾಚ್ ಸಂಖ್ಯೆ, ಪದಾರ್ಥಗಳ ಪಟ್ಟಿ ಇವು ತಯಾರಕರ ಕಡೆಯಿಂದಲೇ ಬರಬೇಕು. ಇಟಾಲಿಯನ್ನಿನಲ್ಲೋ ಜರ್ಮನ್ನಿನಲ್ಲೋ ಮಾತ್ರ ಇದ್ದರೂ ಆಗದು. ಇಂಗ್ಲಿಷ್ ಅಥವಾ ದೇವನಾಗರಿ ಲಿಪಿಯ ಹಿಂದಿ ಇರಲೇಬೇಕು.

ಗುರುತಿನ ವಿಷಯಕ್ಕೆ ಬಂದರೆ, ಹಾಲು, ಹಾಲಿನ ಉತ್ಪನ್ನ, ಜೇನುತುಪ್ಪಗಳನ್ನು ನಿಯಮ ಮಾಂಸಾಹಾರದಿಂದ ಹೊರಗಿಟ್ಟಿದೆ. ಮೊಟ್ಟೆ ಮಾಂಸಾಹಾರ. 2020ರ ಲೇಬಲಿಂಗ್ ನಿಯಮದಿಂದೀಚೆಗೆ ಮಾಂಸಾಹಾರದ ಗುರುತು ಚೌಕದೊಳಗಿನ ಕಂದು ತ್ರಿಕೋನ. ಹಳೆಯ ಕಂದು ಚುಕ್ಕೆಯ ಸ್ಟಿಕ್ಕರ್ ರೋಲುಗಳು ಉಳಿದಿದ್ದರೆ ಎಸೆದುಬಿಡಿ.

ಪ್ರಶ್ನೆ: ಬೇಯಿಸಿದ ಮಾಂಸಕ್ಕೆ ಒಂದು ನಿಯಮ, ಹಸಿಗೆ ಒಂದು, ಮೂಳೆ ಇದ್ದರೆ ಮತ್ತೊಂದು. ಹೇಗೂ ಒಲೆಯ ಮೇಲೆ ಬೇಯುವ ಪದಾರ್ಥಕ್ಕೆ ಇಷ್ಟು ಕಟ್ಟುಪಾಡು ಯಾಕೆ?

ಒಲೆಗೆ ಹೋಗುವುದು ಬೇಯುತ್ತದೆ. ತಿಪ್ಪೆಗೆ ಹೋಗುವುದು ಬೇಯುವುದಿಲ್ಲ. ಬ್ರಿಟನ್ನಿನಲ್ಲಿ 2001ರಲ್ಲಿ ಕಾಲುಬಾಯಿ ಜ್ವರ ಹಬ್ಬಿದ್ದು ಸರಿಯಾಗಿ ಕುದಿಸದ ಕಲಗಚ್ಚು ತಿಂದ ಹಂದಿಗಳಿಂದ ಎಂದು ತನಿಖೆ ಹೇಳಿತು. ಅಲ್ಲಿ ಕೊಂದ ಪ್ರಾಣಿಗಳು 60 ಲಕ್ಷಕ್ಕೂ ಹೆಚ್ಚು. ಕಾಲುಬಾಯಿ ಜ್ವರ ಮನುಷ್ಯರಿಗೆ ತೊಂದರೆ ಕೊಡುವ ರೋಗವೇ ಅಲ್ಲ. ನಿಮ್ಮ ತಟ್ಟೆಗೆ ಅದರಿಂದ ಅಪಾಯವಿಲ್ಲ, ಕೊಟ್ಟಿಗೆಗೆ ಇದೆ. ಪ್ರಾಣಿಮೂಲದ ಆಹಾರದ ನಿಯಮ ಓದುವಾಗ ಈ ಕೊಟ್ಟಿಗೆಯನ್ನು ನೆನಪಿಟ್ಟುಕೊಂಡರೆ ಅರ್ಧದಷ್ಟು ಷರತ್ತುಗಳು ತಾವಾಗಿಯೇ ಅರ್ಥವಾಗುತ್ತವೆ.

ಮೂಳೆಯ ವಿಷಯ ಸ್ವಾರಸ್ಯದ್ದು. ಪ್ರಾಣಿ ಸತ್ತ ಮೇಲೆ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಸೇರಿ ಅದರ ಪಿಎಚ್ 6ಕ್ಕಿಂತ ಕೆಳಗಿಳಿಯುತ್ತದೆ. ಕಾಲುಬಾಯಿ ಜ್ವರದ ವೈರಾಣು ಆ ಹುಳಿಯನ್ನು ತಾಳದು. ಆದರೆ ಮೂಳೆಯೊಳಗಿನ ಮಜ್ಜೆಗೂ ದುಗ್ಧಗ್ರಂಥಿಗೂ ಆ ಹುಳಿ ಮುಟ್ಟುವುದಿಲ್ಲ; ವೈರಾಣು ಅಲ್ಲಿ ಬದುಕಿರುತ್ತದೆ. ಮೂಳೆ, ಗ್ರಂಥಿ ತೆಗೆದು ಹದಮಾಡಿದ ಮಾಂಸಕ್ಕೆ ಒಪ್ಪಿಗೆ, ಮೂಳೆ ಸಹಿತ ಬಂದರೆ ತಕರಾರು ಅನ್ನುವುದು ಇದಕ್ಕೇ.

ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಸಂಹಿತೆಯಲ್ಲಿ ಕಾವಿನ ಲೆಕ್ಕವೂ ಇದೆ. ಮಾಂಸದ ನಡುಭಾಗ ಕನಿಷ್ಠ 70 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇದ್ದರೆ ಕಾಲುಬಾಯಿ ಜ್ವರದ ವೈರಾಣು ಸಾಯುತ್ತದೆ. ಹಾಲಿಗೆ 132 ಡಿಗ್ರಿಯಲ್ಲಿ ಒಂದು ಸೆಕೆಂಡ್. ಪಿಎಚ್ 7ಕ್ಕಿಂತ ಕಡಿಮೆ ಇರುವ ಹಾಲಾದರೆ 72 ಡಿಗ್ರಿಯಲ್ಲಿ 15 ಸೆಕೆಂಡ್ ಒಮ್ಮೆ ಸಾಕು. 7 ಅಥವಾ ಹೆಚ್ಚಿದ್ದರೆ ಅದನ್ನೇ ಎರಡು ಸಲ ಮಾಡಬೇಕು. 'ಪಾಶ್ಚರೀಕರಿಸಿದೆ' ಎಂಬ ಒಂದು ಪದ ಇದ್ದರೂ ಅಧಿಕಾರಿ ಕಾವು ಎಷ್ಟು, ಹೊತ್ತು ಎಷ್ಟು ಎಂದು ಕೇಳುವುದು ಸುಮ್ಮನೆ ಅಲ್ಲ.

ಪ್ರಶ್ನೆ: ಒಂದು ದೇಶದ ಯಾವುದೋ ಮೂಲೆಯಲ್ಲಿ ಹಕ್ಕಿಜ್ವರ ಬಂದರೆ ಇಡೀ ದೇಶದ ಕೋಳಿಮಾಂಸ ನಿಲ್ಲಿಸುತ್ತಾರೆಯೆ?

ಹಿಂದೆ ಹಾಗೇ ಇತ್ತು. ಅಮೆರಿಕ ಇದನ್ನು ವಿಶ್ವ ವ್ಯಾಪಾರ ಸಂಸ್ಥೆಗೆ ಒಯ್ದು, 2015ರ ಜೂನ್‌ನಲ್ಲಿ ಮೇಲ್ಮನವಿ ಮಂಡಳಿಯ ತೀರ್ಪೂ ಭಾರತದ ವಿರುದ್ಧ ಬಂತು. ರೋಗ ಇರುವ ವಲಯವನ್ನೂ ಇಲ್ಲದ ವಲಯವನ್ನೂ ಬೇರೆಯಾಗಿ ನೋಡಬೇಕು ಎಂಬುದು ಅದರ ತಿರುಳು. ಆದ್ದರಿಂದ ಈಗ ಪ್ರಮಾಣಪತ್ರದಲ್ಲಿ ದೇಶದ ಹೆಸರಿನಷ್ಟೇ ವಲಯದ ಹೆಸರೂ ಮುಖ್ಯ. ಆರ್ಡರ್ ಕೊಟ್ಟ ದಿನ ಶುದ್ಧವಿದ್ದ ವಲಯ ಕೋಳಿ ಕೊಯ್ಯುವ ದಿನಕ್ಕೆ ಹಾಗಿಲ್ಲದಿರಬಹುದು. ಲೋಡಿಂಗಿಗೆ ಮುಂಚೆ ಇನ್ನೊಮ್ಮೆ ವಿಚಾರಿಸಿ. ಬೇಯಿಸಿದ ಕೋಳಿಗೆ ದಾರಿ ಸಲೀಸು, ಯಾಕೆಂದರೆ ಈ ವೈರಾಣು ಕಾವಿಗೆ ಬಲುಬೇಗ ಸೋಲುತ್ತದೆ: ಸಂಹಿತೆಯ ಪ್ರಕಾರ ನಡುಭಾಗ 60 ಡಿಗ್ರಿಯಾದರೆ 507 ಸೆಕೆಂಡ್, 65ಕ್ಕೆ 42 ಸೆಕೆಂಡ್, 70ಕ್ಕೆ ಮೂರೂವರೆ ಸೆಕೆಂಡ್ ಸಾಕು.

ಪ್ರಶ್ನೆ: ಹ್ಯಾಮ್, ಸಾಸೇಜ್, ಹಂದಿಕೊಬ್ಬು, ಜೆಲಟಿನ್ ಇರುವ ಮಿಠಾಯಿ ಇವುಗಳ ಕಥೆ ಏನು?

ಹಂದಿಮಾಂಸ ಸಿಪ್ ಮೂಲಕ ಬರಬಹುದು. ಆಫ್ರಿಕನ್ ಹಂದಿ ಜ್ವರದ ಷರತ್ತುಗಳು ಬಿಗಿಯಾಗಿರುತ್ತವೆ. ಆ ವೈರಾಣು ಗಟ್ಟಿಪಿಂಡ. ಉಪ್ಪು ಹಾಕಿ ಒಣಗಿಸಿದ ಹ್ಯಾಮ್ ಸುರಕ್ಷಿತ ಎನ್ನಿಸಿಕೊಳ್ಳಲು ಕನಿಷ್ಠ ಆರು ತಿಂಗಳು ಹಣ್ಣಾಗಬೇಕು ಎನ್ನುತ್ತದೆ ಅದೇ ಸಂಹಿತೆ.

ಕೊಬ್ಬಿನ ಡಬ್ಬಿ ಬೇಡ. ಕರಗಿಸಿದ್ದಿರಲಿ ಇಲ್ಲದಿರಲಿ, ಪ್ರಾಣಿಕೊಬ್ಬು ನಿಷಿದ್ಧ ಪಟ್ಟಿಯಲ್ಲಿದೆ. ಕಾಡ್ ಲಿವರ್ ಎಣ್ಣೆಯಂಥ ಕೆಲವು ಮೀನೆಣ್ಣೆಗಳಿಗೆ ಮಾತ್ರ ವಿನಾಯಿತಿ. ಗೋಮಾಂಸ, ಗೋಮಾಂಸ ಸೇರಿದ ಪದಾರ್ಥ ಯಾವ ರೂಪದಲ್ಲೂ ಸಲ್ಲದು. ಸೂಪಿನ ಪುಡಿ, ನೂಡಲ್ಸ್‌ನ ಮಸಾಲೆ ಪೊಟ್ಟಣ, ರೆಡಿಮೇಡ್ ಗ್ರೇವಿಗಳಲ್ಲಿ 'ಬೀಫ್ ಎಕ್ಸ್‌ಟ್ರಾಕ್ಟ್' ಎಂದು ಪುಟ್ಟ ಅಕ್ಷರದಲ್ಲಿ ಇರುತ್ತದೆ, ಕಣ್ಣಿಟ್ಟು ಓದಿ. ಜೆಲಟಿನ್ ಮಿಠಾಯಿಗೆ ಕಂದು ತ್ರಿಕೋನ ಬೇಕು, ಮೂಲ ಪ್ರಾಣಿ ಯಾವುದೆಂಬ ಲಿಖಿತ ಹೇಳಿಕೆಯೂ ಕೈಯಲ್ಲಿರಲಿ.

ಪ್ರಶ್ನೆ: ಪ್ರಯಾಣಿಕರು ಸೂಟ್‌ಕೇಸಿನಲ್ಲಿ ಎರಡು ಕೆಜಿವರೆಗೆ ಚೀಸ್, ಸಾಸೇಜ್ ತರಬಹುದಂತೆ, ನಿಜವೆ?

ಆ ಎರಡು ಕೆಜಿ ಭಾರತದ ನಿಯಮವಲ್ಲ. ಐರೋಪ್ಯ ಒಕ್ಕೂಟ ತನ್ನೊಳಗೆ ಬರುವವರಿಗೆ ಶಿಶುವಿನ ಹಾಲುಪುಡಿ, ಜೇನುತುಪ್ಪದಂಥ ಕೆಲವಕ್ಕೆ ಕೊಟ್ಟಿರುವ ಮಿತಿ ಅದು. ಬಾಯಿಂದ ಬಾಯಿಗೆ ಹೋಗುತ್ತ ಎಲ್ಲ ದೇಶಕ್ಕೂ, ಎಲ್ಲ ಪದಾರ್ಥಕ್ಕೂ ಅಂಟಿಕೊಂಡಿದೆ.

ಭಾರತಕ್ಕೆ ಬಂದಿಳಿಯುವಾಗಿನ ಕಸ್ಟಮ್ಸ್ ಘೋಷಣಾ ಪತ್ರದಲ್ಲಿ ಮಾಂಸ, ಹಾಲಿನ ಉತ್ಪನ್ನ, ಮೀನು, ಕೋಳಿ ಉತ್ಪನ್ನಗಳಿಗೆಂದೇ ಒಂದು ಸಾಲು ಇದೆ. ಇದ್ದರೆ 'ಹೌದು' ಎಂದು ಗುರುತು ಹಾಕಿ, ಘೋಷಿಸುವ ಸಾಮಾನು ಇರುವವರ ದಾರಿಯಾದ ರೆಡ್ ಚಾನೆಲ್ಲಿಗೆ ಹೋಗಿ. ಸುಂಕವಿಲ್ಲದೆ ಇಷ್ಟು ರೂಪಾಯಿಯ ಸಾಮಾನು ತರಬಹುದು ಎಂಬ ರಿಯಾಯಿತಿಯನ್ನು ಇದರ ಜೊತೆ ಕಲಸಬೇಡಿ; ಅದು ಸುಂಕದ ಮಾತು, ಇದು ರೋಗದ ಮಾತು. ಹೇಳಿ ತೋರಿಸಿದವರ ಪದಾರ್ಥ ಹೋದರೂ ಮಾತು ಅಲ್ಲಿಗೆ ಮುಗಿಯಬಹುದು. ಗ್ರೀನ್ ಚಾನೆಲ್ಲಿನಲ್ಲಿ ಸಿಕ್ಕಿಬಿದ್ದರೆ 1962ರ ಕಸ್ಟಮ್ಸ್ ಕಾಯ್ದೆಯಡಿ ಮುಟ್ಟುಗೋಲಿನ ಮೇಲೆ ದಂಡವೂ ಬೀಳುತ್ತದೆ.

ಪ್ರಶ್ನೆ: ಗೆಳೆಯರು ಕೊರಿಯರಿನಲ್ಲಿ 'ಗಿಫ್ಟ್' ಎಂದು ಬರೆದು ಕಳಿಸಿದರೆ?

2019ರ ಡಿಸೆಂಬರ್‌ನಿಂದ ಅಂಚೆ, ಕೊರಿಯರ್ ಮೂಲಕ ಸುಂಕರಹಿತ ಉಡುಗೊರೆಗೆ ಅವಕಾಶ ಉಳಿದಿರುವುದು ಜೀವರಕ್ಷಕ ಔಷಧಿಗೂ ರಾಖಿಗೂ ಮಾತ್ರ. ಪೂರ್ತಿ ಸುಂಕ ಕಟ್ಟಿದರೂ ಪಶು ಆರೋಗ್ಯದ ಷರತ್ತು ಹಾಗೇ ಇರುತ್ತದೆ. ಕಳಿಸಬೇಡಿ ಎನ್ನಿ.

ಪ್ರಶ್ನೆ: ಜರ್ಮನಿಯಲ್ಲಿರುವ ಮಗಳಿಗೆ ಮನೆಯ ತುಪ್ಪ ಒಯ್ಯಬಹುದೆ?

ಇಲ್ಲ. ಯುರೋಪಿನ ಹೊರಗಿನಿಂದ ಬರುವ ಪ್ರಯಾಣಿಕರ ಸಾಮಾನಿನಲ್ಲಿ ಮಾಂಸ, ಹಾಲು, ಅವುಗಳ ಉತ್ಪನ್ನ ಯಾವುದೂ ಕೂಡದು. ತುಪ್ಪ ಹಾಲಿನ ಉತ್ಪನ್ನವೇ. ಅಂಚೆಯಲ್ಲಿ ಕಳಿಸಿದರೂ ಅದೇ ಉತ್ತರ. ಬ್ರಿಟನ್ ಇನ್ನೂ ಒಂದು ಹೆಜ್ಜೆ ಮುಂದೆ: ಜರ್ಮನಿ, ಹಂಗರಿ, ಸ್ಲೊವಾಕಿಯಾಗಳಲ್ಲಿ ಕಾಲುಬಾಯಿ ಜ್ವರ ಕಾಣಿಸಿಕೊಂಡ ಮೇಲೆ, 2025ರ ಏಪ್ರಿಲ್ 12ರಿಂದ ಪಕ್ಕದ ಯುರೋಪಿನಿಂದ ಬರುವವರ ಸ್ಯಾಂಡ್‌ವಿಚ್ಚಿನೊಳಗಿನ ಚೀಸನ್ನೂ ಬಿಡಲಿಲ್ಲ.

ಪ್ರಶ್ನೆ: ಚೀನಾದ ಹಾಲಿನ ಚಾಕೊಲೇಟ್ ಬಲು ಅಗ್ಗ. ತರಿಸಬಹುದೆ?

ಬೇಡ. ಹಾಲಿಗೆ ಮೆಲಮಿನ್ ಬೆರೆಸಿದ ಹಗರಣ ಹೊರಬಿದ್ದ 2008ರ ಸೆಪ್ಟೆಂಬರ್‌ನಿಂದ ಚೀನಾದ ಹಾಲು ಮತ್ತು ಹಾಲಿನಂಶವಿರುವ ಚಾಕೊಲೇಟ್, ಮಿಠಾಯಿಗಳಿಗೆ ನಿಷೇಧವಿದೆ. ಬಂದರುಗಳ ಪ್ರಯೋಗಾಲಯಗಳೆಲ್ಲ ಮೆಲಮಿನ್ ಪರೀಕ್ಷೆಗೆ ಸಜ್ಜಾಗುವ ತನಕ ಅದು ಮುಂದುವರಿಯಲಿದೆ ಎಂದು 2019ರಲ್ಲಿ ಸರ್ಕಾರ ಹೇಳಿತು. ಹಾಲಿಗೆ ನೀರು ಬೆರೆಸಿದ್ದು ಪ್ರೋಟೀನ್ ಪರೀಕ್ಷೆಯಲ್ಲಿ ಗೊತ್ತಾಗದಿರಲೆಂದು ಸೇರಿಸಿದ ವಸ್ತು ಅದು. ಪರೀಕ್ಷೆ ಅಳೆಯುವುದು ಸಾರಜನಕವನ್ನು, ಮೆಲಮಿನ್ನಿನಲ್ಲಿ ಅದು ಯಥೇಚ್ಛ.

ಪ್ರಶ್ನೆ: ಟ್ಯೂನಾ ಮೀನು, ಜೇನುತುಪ್ಪಗಳಲ್ಲಿ ತಿರಸ್ಕಾರ ಜಾಸ್ತಿ ಆಗುವುದು ಎಲ್ಲಿ?

ಎರಡರಲ್ಲೂ ಶತ್ರು ಬಿಸಿಯೇ. ಟ್ಯೂನಾ, ಬಂಗಡೆ ಜಾತಿಯ ಮೀನು ಹಿಡಿದ ಮೇಲೆ ತಕ್ಷಣ ತಣ್ಣಗಾಗದಿದ್ದರೆ ಹಿಸ್ಟಮಿನ್ ಹುಟ್ಟುತ್ತದೆ. ಒಮ್ಮೆ ಹುಟ್ಟಿದ್ದು ಬೇಯಿಸಿದರೂ, ಡಬ್ಬಿಯಲ್ಲಿ ಕುದಿಸಿದರೂ, ಆಮೇಲೆ ಮೈನಸ್ 18 ಡಿಗ್ರಿಯಲ್ಲಿಟ್ಟರೂ ಹೋಗದು. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್‌ನ ಸುರಕ್ಷತಾ ಮಿತಿ ಕೆಜಿಗೆ 200 ಮಿಲಿಗ್ರಾಂ. ಹಾಗಾಗಿ ಕಂಟೇನರಿನ ತಾಪಮಾನದ ದಾಖಲೆ ಎಷ್ಟೇ ಚೆನ್ನಾಗಿದ್ದರೂ, ದೋಣಿಯಲ್ಲೇ ಆದ ತಪ್ಪು ಇಲ್ಲಿ ಬಯಲಾಗುತ್ತದೆ. ರವಾನೆಗೆ ಮುಂಚೆ ಬ್ಯಾಚ್‌ವಾರು ಪರೀಕ್ಷಾ ವರದಿ ಕೇಳಿ. ಮೀನಿನ ಉತ್ಪನ್ನಕ್ಕೆ ಸಿಪ್ ಕೊಡುವುದು ಮೀನುಗಾರಿಕೆ ಇಲಾಖೆ.

ಜೇನಿಗೆ ತೇವಾಂಶ ಶೇ 20 ಮೀರಬಾರದು, ಎಚ್‌ಎಂಎಫ್ ಎಂಬ ಅಂಶ ಕೆಜಿಗೆ 80 ಮಿಲಿಗ್ರಾಂ ದಾಟಬಾರದು. ಸಕ್ಕರೆ ಬಿಸಿಯಾದಾಗ, ಹಳತಾದಾಗ ಎಚ್‌ಎಂಎಫ್ ಏರುತ್ತದೆ. ಅಲ್ಲಿ ಪಾಸಾದ ಜೇನು ಬಿಸಿಲಿನಲ್ಲಿ ನಿಂತ ಸಾದಾ ಕಂಟೇನರಿನೊಳಗೆ ವಾರಗಟ್ಟಲೆ ಕೂತು ಇಲ್ಲಿ ಫೇಲಾಗುವುದು ಹೀಗೆ. ಮಿತಿಯ ಅರ್ಧಕ್ಕಿಂತ ಕೆಳಗಿರುವ ಬ್ಯಾಚನ್ನೇ ಆರಿಸಿ.

ಪ್ರಶ್ನೆ: ತಿರಸ್ಕಾರವಾದರೆ ಸರಕು ಏನಾಗುತ್ತದೆ?

ಪ್ರಯೋಗಾಲಯದ ವರದಿ ತಪ್ಪೆನಿಸಿದರೆ ರೆಫರಲ್ ಪ್ರಯೋಗಾಲಯದ ಮರುಪರೀಕ್ಷೆ ಕೇಳಬಹುದು. ಮಾದರಿಯ ಎರಡನೆಯ ಭಾಗ ಇಟ್ಟಿರುವುದು ಅದಕ್ಕೇ. ಪಶು ರೋಗದ ಕಾರಣಕ್ಕೆ ನಿಂತಿದ್ದರೆ ಎರಡೇ ದಾರಿ, ವಾಪಸು ಕಳಿಸುವುದು ಅಥವಾ ನಾಶ ಮಾಡುವುದು. ಎರಡರ ಖರ್ಚೂ ಆಮದುದಾರರದೇ. ಅಲ್ಲಿಯ ತನಕ ರೀಫರ್ (ಶೀತಲ) ಕಂಟೇನರಿನ ಕರೆಂಟು, ಡೆಮರೇಜ್ (ತಡವಾದದ್ದಕ್ಕೆ ಕಟ್ಟುವ ಬಾಡಿಗೆ) ದಿನದಿನವೂ ಏರುತ್ತಿರುತ್ತದೆ. 'ಆಮದುದಾರರ ದೇಶದಲ್ಲಿ ತಿರಸ್ಕಾರವಾದರೆ ವಾಪಸಾತಿಯ ಖರ್ಚು ಯಾರದು' ಎಂಬ ಸಾಲು ಒಪ್ಪಂದದಲ್ಲಿ ಇರಲೇಬೇಕು. ಮೊದಲ ಸಲ ತರಿಸುವವರು ಪೂರ್ತಿ ಕಂಟೇನರಿಗೆ ಹೋಗದೆ ವಿಮಾನದಲ್ಲಿ ಒಂದು ಪ್ಯಾಲೆಟ್ ತರಿಸಿ ದಾಖಲೆಗಳನ್ನು ಪರೀಕ್ಷಿಸಿಕೊಳ್ಳುವುದು ಮೇಲು.

ಪ್ರಶ್ನೆ: ನಾಯಿಯ ಬಿಸ್ಕತ್ತಿಗೂ ಇದೆಲ್ಲ ಬೇಕೆ?

ಎಫ್‌ಎಸ್‌ಎಸ್‌ಎಐ ಬೇಡ, ಅದು ಮನುಷ್ಯರ ಆಹಾರಕ್ಕೆ. ಆದರೆ ಪ್ರಾಣಿಮೂಲದ ಸಾಕುಪ್ರಾಣಿ ಆಹಾರವೂ ಜಾನುವಾರು ಉತ್ಪನ್ನದ ಪಟ್ಟಿಯಲ್ಲಿದೆ. ಸಿಪ್, ಪಶುವೈದ್ಯ ಪ್ರಮಾಣಪತ್ರ, ಕ್ವಾರಂಟೈನ್ ಕೇಂದ್ರದ ಒಪ್ಪಿಗೆ ಮೂರೂ ಬೇಕು.